ಕಪಾಟಿನಲ್ಲಿರುವ ಹಳೇ ಲೆನ್ಸ್ ಗುಜರಿಗೆ ಹಾಕುವ ಮೊದಲು ಇದನ್ನು ಓದಿ: ಮಿರರ್‌ಲೆಸ್ ಕ್ಯಾಮೆರಾಕ್ಕೆ ಮ್ಯಾನುವಲ್ ಲೆನ್ಸ್ ಆರಿಸುವುದು ಹೇಗೆ?

ಬಿ.ಸಿ.ರೋಡ್: ಒಂದು ಕಾಲದಲ್ಲಿ ಸ್ಟುಡಿಯೋ ನಡೆಸಿದವರ ಮನೆಯ ಕಪಾಟು ತೆರೆದರೆ ಈಗಲೂ ಮೂಲೆಯಲ್ಲಿ ಒಂದು ಚರ್ಮದ ಬ್ಯಾಗ್ ಸಿಗುತ್ತದೆ. ಒಳಗೆ ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ10, ಯಾಶಿಕಾ, ಇಲ್ಲವೇ ರಷ್ಯಾದ ಜೆನಿತ್. ರೀಲು ಹಾಕುವವರಿಲ್ಲ, ಪ್ರಿಂಟ್ ಮಾಡುವವರಿಲ್ಲ. ಮನೆಗೆ ಪೇಂಟ್ ಹೊಡೆಯುವಾಗ ಅದು ಹಳೇ ಮಿಕ್ಸಿ, ಹಳೇ ರೇಡಿಯೋ ಜೊತೆ ಗುಜರಿಯವರ ತಕ್ಕಡಿಗೆ ಹೋಗುತ್ತದೆ. ಕ್ಯಾಮೆರಾ ಹೋದರೆ ಹೋಗಲಿ. ಆದರೆ ಅದರ ಮೂತಿಯಲ್ಲಿರುವ ಲೆನ್ಸ್ ಇನ್ನೂ ಸತ್ತಿಲ್ಲ.

ಇನ್ನೊಂದು ಕಡೆ ಕಂತಿನಲ್ಲಿ ಮಿರರ್‌ಲೆಸ್ ಕ್ಯಾಮೆರಾ ತಗೊಂಡ ಹುಡುಗರಿದ್ದಾರೆ. ಬಾಡಿ ಮತ್ತು ಅದರ ಜೊತೆ ಬಂದ ಕಿಟ್ ಲೆನ್ಸ್‌ಗೇ ಕೈಯಲ್ಲಿದ್ದ ದುಡ್ಡು ಮುಗಿದಿದೆ. ರಾತ್ರಿ ಮೆಹಂದಿ ಕಾರ್ಯಕ್ರಮಕ್ಕೆ ಹೋದರೆ ಕಿಟ್ ಲೆನ್ಸ್‌ಗೆ ಬೆಳಕು ಸಾಲುವುದಿಲ್ಲ, ಫೋಟೋ ತುಂಬ ಮರಳು ಮರಳು. ಬೆಳಕು ಚೆನ್ನಾಗಿ ಎಳೆಯುವ ಹೊಸ ಆಟೋಫೋಕಸ್ ಲೆನ್ಸ್‌ಗೆ ಕೆಲವು ಸಲ ಬಾಡಿಗೆ ಕೊಟ್ಟಷ್ಟೇ ಹಣ ಬೇಕು.

ಈ ಎರಡು ತೊಂದರೆಗೂ ಮಧ್ಯದಲ್ಲಿ ಒಂದು ದಾರಿ ಉಂಟು: ಕೈಯಲ್ಲೇ ರಿಂಗ್ ತಿರುಗಿಸಿ ಫೋಕಸ್ ಮಾಡುವ ಮ್ಯಾನುವಲ್ ಲೆನ್ಸ್. ಹಳೆಯದಾದರೆ ಅಪ್ಪನ ಕಪಾಟಿನಲ್ಲೇ ಸಿಗಬಹುದು. ಹೊಸದಾದರೆ ಚೀನಾ ಕಂಪನಿಗಳದ್ದು ಹತ್ತು ಸಾವಿರ ರೂಪಾಯಿ ಆಸುಪಾಸಿನಿಂದಲೇ ಶುರುವಾಗುತ್ತದೆ. ಆದರೆ ನೋಡದೆ ತಗೊಂಡರೆ ಕೆಲಸ ಕೆಡುವುದೂ ಇದರಲ್ಲೇ. ಯಾವ ಲೆನ್ಸ್, ಯಾವ ಕೆಲಸಕ್ಕೆ, ಏನು ನೋಡಿ ತಗೊಳ್ಳಬೇಕು ಎಂಬ ವಿವರ ಇಲ್ಲಿದೆ.

ಡಿಎಸ್‌ಎಲ್‌ಆರ್‌ನಲ್ಲಿ ಆಗದ್ದು ಮಿರರ್‌ಲೆಸ್‌ನಲ್ಲಿ ಹೇಗೆ?

ಲೆನ್ಸಿನ ಹಿಂಭಾಗದಿಂದ ಸೆನ್ಸರ್ ತನಕ ಇಂತಿಷ್ಟೇ ದೂರ ಇರಬೇಕು ಎಂಬ ಲೆಕ್ಕ ಪ್ರತಿ ಕಂಪನಿಗೂ ಉಂಟು. ನಿಕಾನಿನ ಹಳೇ ಎಫ್ ಮೌಂಟ್‌ಗೆ ಅದು 46.5 ಎಂ.ಎಂ. ಪೆಂಟಾಕ್ಸ್ ಕೆ ಮೌಂಟ್ ಮತ್ತು ಜೆನಿತ್‌ನ ತಿರುಪಿನ ಎಂ42 ಮೌಂಟ್‌ಗೆ 45.46. ಕ್ಯಾನನ್ ಇಎಫ್‌ಗೆ 44, ಅದಕ್ಕಿಂತ ಹಳೆಯ ಎಫ್‌ಡಿಗೆ 42. ಮಧ್ಯೆ ಕನ್ನಡಿ ಮೇಲೆ ಕೆಳಗೆ ಹೋಗಬೇಕಲ್ಲ, ಅದಕ್ಕೆ ಅಷ್ಟು ಜಾಗ.

ಮಿರರ್‌ಲೆಸ್‌ನಲ್ಲಿ ಹೆಸರೇ ಹೇಳುವಂತೆ ಕನ್ನಡಿ ಇಲ್ಲ. ಹಾಗಾಗಿ ಸೋನಿ ಇ ಮೌಂಟ್‌ನಲ್ಲಿ ಆ ದೂರ 18 ಎಂ.ಎಂ., ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20, ಫ್ಯೂಜಿ ಎಕ್ಸ್‌ನಲ್ಲಿ 17.7. ಅಂದರೆ ಹಳೇ ನಿಕಾನ್ ಲೆನ್ಸನ್ನು ಸೋನಿ ಬಾಡಿಗೆ ಹಾಕಬೇಕಾದರೆ 46.5ರಲ್ಲಿ 18 ಕಳೆದು ಉಳಿದ 28.5 ಎಂ.ಎಂ. ಉದ್ದದ ಒಂದು ಟೊಳ್ಳು ಬಳೆ ಸಾಕು. ಅದೇ ಅಡಾಪ್ಟರ್. ಒಳಗೆ ಗ್ಲಾಸ್ ಇಲ್ಲ, ಕರೆಂಟ್ ಇಲ್ಲ, ಬರೀ ಲೋಹ. ಅದಕ್ಕೇ ಅಗ್ಗ. ಡಿಎಸ್‌ಎಲ್‌ಆರ್‌ನಲ್ಲಿ ಈ ಖಾಲಿ ಜಾಗವೇ ಇರಲಿಲ್ಲ. ಜೆನಿತ್ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಿದವರಿಗೆ ದೂರದ ಗುಡ್ಡ ಫೋಕಸ್ಸೇ ಆಗುತ್ತಿರಲಿಲ್ಲ. ಅದನ್ನು ಸರಿಮಾಡಲು ಮಧ್ಯೆ ಗ್ಲಾಸ್ ಇರುವ ಅಡಾಪ್ಟರ್ ಬರುತ್ತಿತ್ತು. ಅದು ಫೋಟೋದ ಕ್ವಾಲಿಟಿಯನ್ನೇ ತಿನ್ನುತ್ತಿತ್ತು. ಈಗ ಅಂಥದ್ದನ್ನು ಯಾರಾದರೂ ಕಡಿಮೆಗೆ ಕೊಟ್ಟರೂ ಬೇಡ.

ಇದು ಒಂದೇ ದಿಕ್ಕಿನ ರಸ್ತೆ. ಡಿಎಸ್‌ಎಲ್‌ಆರ್ ಅಥವಾ ರೀಲ್ ಕ್ಯಾಮೆರಾದ ಲೆನ್ಸ್ ಮಿರರ್‌ಲೆಸ್‌ಗೆ ಬರುತ್ತದೆ. ಮಿರರ್‌ಲೆಸ್ ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಹೋಗುವುದಿಲ್ಲ.

ಎರಡನೇ ಅನುಕೂಲ ಕಣ್ಣಿಗೆ ಸಂಬಂಧಿಸಿದ್ದು. ಮಿರರ್‌ಲೆಸ್‌ನ ವ್ಯೂಫೈಂಡರ್ ಒಂದು ಸಣ್ಣ ಟಿ.ವಿ. ಇದ್ದ ಹಾಗೆ. ಎಲ್ಲಿ ಫೋಕಸ್ ಕೂತಿದೆಯೋ ಆ ಅಂಚಿಗೆ ಕೆಂಪು ಅಥವಾ ಹಳದಿ ಗೆರೆ ಬರುತ್ತದೆ. ಇದಕ್ಕೆ ಫೋಕಸ್ ಪೀಕಿಂಗ್ ಎನ್ನುತ್ತಾರೆ. ಬಟನ್ ಒತ್ತಿದರೆ ಕಣ್ಣಿನ ರೆಪ್ಪೆಯನ್ನೇ ದೊಡ್ಡದು ಮಾಡಿ ನೋಡಬಹುದು. ಹಿಂದಿನವರಿಗೆ ಇದು ಯಾವುದೂ ಇರಲಿಲ್ಲ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಚಾಲ್ತಿಗೆ ಬರುವ ತನಕ ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ದೊಡ್ಡ ಪತ್ರಿಕಾ ಛಾಯಾಗ್ರಾಹಕರಿಂದ ಹಿಡಿದು ಊರಿನ ಮದುವೆ ಫೋಟೋಗ್ರಾಫರ್‌ವರೆಗೆ ಎಲ್ಲರದ್ದೂ ಕೈ ಫೋಕಸ್ಸೇ.

ಕಪಾಟಿನಲ್ಲಿ ಇರುವುದು ಯಾವುದು?

ಮೊದಲು ಲೆನ್ಸಿನ ಮುಂದಿನ ರಿಂಗಿನಲ್ಲಿ ಬರೆದದ್ದು ಓದಿ. 50 ಎಂ.ಎಂ. 1:2 ಅಥವಾ 1:1.8 ಅಥವಾ 1:1.4 ಅಂತ ಇದ್ದರೆ ಅದು ಇಟ್ಟುಕೊಳ್ಳುವ ಮಾಲು. ಕಿಟ್ ಲೆನ್ಸನ್ನು ಝೂಮ್ ಮಾಡಿದಾಗ ಅದರ ಬಾಯಿ ಸಾಮಾನ್ಯವಾಗಿ ಎಫ್ 5.6ಕ್ಕೆ ಇಳಿಯುತ್ತದೆ. ಅದಕ್ಕೆ ಹೋಲಿಸಿದರೆ ಎಫ್ 2 ಲೆನ್ಸ್ ಸುಮಾರು ಎಂಟು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್‌ನಲ್ಲಿ ಐಎಸ್‌ಒ 12,800 ಇಡಬೇಕಾದ ಜಾಗದಲ್ಲಿ ಇದರಲ್ಲಿ 1,600 ಸಾಕಾಗುತ್ತದೆ. ಮರಳು ಮರಳು ಫೋಟೋದ ಕಥೆ ಅಲ್ಲಿಗೆ ಮುಗಿಯಿತು.

ಎಫ್‌ಎಂ10 ಜೊತೆ ಬರುತ್ತಿದ್ದ 35-70 ಝೂಮ್ ಸಿಕ್ಕಿದರೆ ಹೆಚ್ಚು ಖುಷಿಪಡುವ ಅಗತ್ಯ ಇಲ್ಲ. ಅದರ ಬಾಯಿಯೂ ಸಣ್ಣದೇ, ಕಿಟ್ ಲೆನ್ಸ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಅದಕ್ಕೋಸ್ಕರ ಅಡಾಪ್ಟರ್ ತಗೊಳ್ಳುವುದು ದಂಡ. ಹಳೇ ಝೂಮ್‌ಗಳ ಬಗ್ಗೆ ಸಾಮಾನ್ಯವಾಗಿ ಇದೇ ಮಾತು. ಝೂಮ್ ಇಲ್ಲದ ಲೆನ್ಸ್ ನೋಡಿ.

ಜೆನಿತ್ ಜೊತೆ ಬರುತ್ತಿದ್ದ ಹೀಲಿಯೋಸ್ 44-2, 58 ಎಂ.ಎಂ. ಎಫ್ 2, ಈಗ ಇನ್‌ಸ್ಟಾಗ್ರಾಂನಿಂದಾಗಿ ಸ್ಟಾರ್ ಆಗಿದೆ. ಹಿಂದಿರುವ ಎಲೆ, ದೀಪಗಳು ಸುಳಿ ತಿರುಗಿದ ಹಾಗೆ ಕಾಣುತ್ತವೆ ಎಂಬುದೇ ಅದರ ಮಹಿಮೆ. ಮನೆಯಲ್ಲಿದ್ದರೆ ಹಾಕಿ ನೋಡಿ, ಚಂದ ಉಂಟು. ಆದರೆ ಸುಳಿಗೆಂದೇ ಏರಿಸಿದ ರೇಟ್ ಕೊಟ್ಟು ಆನ್‌ಲೈನ್‌ನಲ್ಲಿ ತಗೊಳ್ಳುವಷ್ಟು ದೊಡ್ಡ ಸಂಗತಿ ಅದಲ್ಲ. ನಾಲ್ಕು ಆಲ್ಬಂನಲ್ಲಿ ಸುಳಿ ಕಂಡ ಮೇಲೆ ಐದನೇ ಗಿರಾಕಿ, ಇದು ಎಂತ ತಲೆ ತಿರುಗಿದ ಹಾಗೆ ಉಂಟು ಅಂತ ಕೇಳದೆ ಇರುವುದಿಲ್ಲ.

ನಿಕಾನ್ ಡಿಎಸ್‌ಎಲ್‌ಆರ್‌ನಿಂದ ಝಡ್‌ಗೆ ಬಂದವರು ಗಮನಿಸಬೇಕಾದ ಒಂದು ಸಂಗತಿ ಇದೆ. 50 ಎಂ.ಎಂ. ಎಫ್ 1.8 ಡಿ, 85 ಎಂ.ಎಂ. ಎಫ್ 1.8 ಡಿ ಲೆನ್ಸ್‌ಗಳು ಮದುವೆ ಫೋಟೋಗ್ರಾಫರ್‌ಗಳ ಕೈಯಲ್ಲಿ ತುಂಬ ಓಡಾಡಿದವು. ಇವುಗಳ ಒಳಗೆ ಮೋಟರ್ ಇಲ್ಲ, ಡಿಎಸ್‌ಎಲ್‌ಆರ್ ಬಾಡಿಯ ಮೋಟರೇ ಲೆನ್ಸನ್ನು ತಿರುಗಿಸುತ್ತಿತ್ತು. ನಿಕಾನಿನದ್ದೇ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಆ ಮೋಟರ್ ಇಲ್ಲ. ಹಾಗಾಗಿ ಝಡ್ ಬಾಡಿಗೆ ಹಾಕಿದ ಕೂಡಲೇ ಇವು ಮ್ಯಾನುವಲ್ ಲೆನ್ಸ್ ಆಗುತ್ತವೆ. ಲೆನ್ಸ್ ಹಾಳಾಗಿದೆ ಅಂತ ರಿಪೇರಿಗೆ ಕೊಡುವ ಅಗತ್ಯ ಇಲ್ಲ, ಅಡಾಪ್ಟರ್ ಸರಿಯಿಲ್ಲ ಅಂತ ಅಂಗಡಿಯವರ ಹತ್ತಿರ ಜಗಳ ಮಾಡಿಯೂ ಪ್ರಯೋಜನ ಇಲ್ಲ. ಅದು ಇರುವುದೇ ಹಾಗೆ.

ಕ್ಯಾನನ್ ಇಎಫ್ ಲೆನ್ಸ್‌ಗಳದ್ದು ಬೇರೆ ಸಮಸ್ಯೆ. ಅವುಗಳಲ್ಲಿ ಎಫ್ ನಂಬರ್ ತಿರುಗಿಸುವ ರಿಂಗೇ ಇಲ್ಲ, ಎಲ್ಲ ಕರೆಂಟಿನಲ್ಲೇ. ಬರೀ ಲೋಹದ ಅಡಾಪ್ಟರ್ ಹಾಕಿದರೆ ಬಾಯಿ ಪೂರ್ತಿ ತೆರೆದೇ ಇರುತ್ತದೆ. ಎಸ್‌ಟಿಎಂ ಮಾದರಿಯದ್ದಾದರೆ ಫೋಕಸ್ ರಿಂಗ್ ತಿರುಗಿಸಿದರೂ ಒಳಗೆ ಏನೂ ಅಲ್ಲಾಡುವುದಿಲ್ಲ. ಇಎಫ್ ಲೆನ್ಸ್ ಇದ್ದವರು ಎಲೆಕ್ಟ್ರಾನಿಕ್ ಅಡಾಪ್ಟರನ್ನೇ ತಗೊಳ್ಳಬೇಕು. ನಿಕಾನಿನ ಜಿ ಮಾದರಿಗೂ ಎಫ್ ನಂಬರ್ ರಿಂಗ್ ಇಲ್ಲ. ಸೋನಿ ಬಾಡಿಗೆ ಅದನ್ನು ಹಾಕುವುದಾದರೆ ಅಡಾಪ್ಟರ್‌ನಲ್ಲೇ ಒಂದು ರಿಂಗ್ ಇರುವಂಥದ್ದು ಬೇಕು.

ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ?

ಮೊದಲು ಆಗದ್ದನ್ನು ಹೇಳಿಬಿಡುವುದು ಒಳ್ಳೆಯದು. ಮದುವೆಯ ಧಾರೆ, ಮಾಂಗಲ್ಯಧಾರಣೆಯ ಹೊತ್ತಿಗೆ ಮ್ಯಾನುವಲ್ ಲೆನ್ಸ್ ಬೇಡವೇ ಬೇಡ. 50 ಎಂ.ಎಂ. ಲೆನ್ಸನ್ನು ಎಫ್ 1.8ರಲ್ಲಿಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟ ಕಾಣುವ ಜಾಗದ ಆಳ ಸುಮಾರು 17 ಸೆಂ.ಮೀ. ಮಾತ್ರ. ಮದುಮಗ ಒಂದು ಗೇಣು ಮುಂದೆ ಬಾಗಿದರೆ ಫೋಕಸ್ ಹೋಯಿತು. ಮಂಟಪದಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ವಾಲಗ ಜೋರಾಗುತ್ತದೆ, ಅಕ್ಕಿಕಾಳು ಬೀಳುತ್ತದೆ, ಅಡ್ಡಕ್ಕೆ ಯಾರದ್ದೋ ಮೊಬೈಲ್ ಬರುತ್ತದೆ. ಆ ಅರ್ಧ ನಿಮಿಷ ಮತ್ತೆ ಬರುವುದಿಲ್ಲ, ಇನ್ನೊಮ್ಮೆ ಕಟ್ಟಿ ಅಂತ ಹೇಳುವ ಹಾಗೂ ಇಲ್ಲ. ಅಡ್ವಾನ್ಸ್ ತಗೊಂಡ ಕೆಲಸದಲ್ಲಿ ಆ ಕ್ಷಣಕ್ಕೆ ಆಟೋಫೋಕಸ್ ಲೆನ್ಸೇ ಇರಲಿ, ಅದು ಕಿಟ್ ಲೆನ್ಸ್ ಆದರೂ ಅಡ್ಡಿ ಇಲ್ಲ, ಜೊತೆಗೆ ಫ್ಲ್ಯಾಶ್ ಹಾಕಿ. ಮಧ್ಯಾಹ್ನ ಊಟ ಆದ ಮೇಲೆ ಮದುಮಗಳನ್ನು ಕಿಟಕಿ ಹತ್ತಿರ ನಿಲ್ಲಿಸಿ ತೆಗೆಯುವ ಫೋಟೋಕ್ಕೆ ಹಳೇ 50 ಹೊರಗೆ ಬರಲಿ.

ಈಗ ಕಂಬಳ. ಇಲ್ಲಿ ಮ್ಯಾನುವಲ್ ಲೆನ್ಸ್ ಹೇಗೆ ಸಾಧ್ಯ ಅಂತ ಯಾರಿಗಾದರೂ ಅನಿಸಬಹುದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡ್‌ನಲ್ಲಿ ಓಡಿಸಿದ್ದು ದೇಶಕ್ಕೇ ಸುದ್ದಿಯಾಗಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತು ಮೀಟರ್‌ಗೂ ಹೆಚ್ಚು. ಆ ವೇಗಕ್ಕೆ ಸರಿಯಾಗಿ ರಿಂಗ್ ತಿರುಗಿಸುತ್ತಾ ಹಿಂಬಾಲಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಹಿಂಬಾಲಿಸಬೇಕಾಗಿಯೂ ಇಲ್ಲ. ಕೋಣಗಳು ಎಲ್ಲಿಗೆ ಬರುತ್ತವೆ ಎಂಬುದು ಗೊತ್ತೇ ಉಂಟಲ್ಲ. ಗಂತಿನಿಂದ ಹೊರಟದ್ದು ಮಂಜೊಟ್ಟಿಗೇ ಬರಬೇಕು, ಕರೆ ಬಿಟ್ಟು ಗದ್ದೆಗೆ ಹೋಗುವುದಿಲ್ಲ.

ಹಿಂದಿನ ಕಾಲದವರು ಮಾಡುತ್ತಿದ್ದದ್ದು ಇದನ್ನೇ. ಕರೆಯಲ್ಲಿ ಒಂದು ಜಾಗ ಗುರುತು ಮಾಡಿಕೊಂಡು, ಖಾಲಿ ಇರುವಾಗಲೇ ಅಲ್ಲಿಗೆ ಫೋಕಸ್ ಮಾಡಿ, ರಿಂಗ್ ಮುಟ್ಟದೆ ಕಾಯುವುದು. ಹಳೇ 135 ಎಂ.ಎಂ. ಲೆನ್ಸ್ ಎಫ್ 4ರಲ್ಲಿ, 20 ಮೀಟರ್ ದೂರಕ್ಕೆ ಫೋಕಸ್ ಇಟ್ಟರೆ ಫುಲ್‌ಫ್ರೇಮ್‌ನಲ್ಲಿ ಸುಮಾರು 5 ಮೀಟರ್ ಆಳದ ಜಾಗ ಸ್ಪಷ್ಟ ಸಿಗುತ್ತದೆ. ಕೋಣಗಳು ಅಷ್ಟನ್ನು ದಾಟಲು ಅರ್ಧ ಸೆಕೆಂಡ್. ಸೆಕೆಂಡಿಗೆ ಹತ್ತು ಫೋಟೋ ಹೊಡೆಯುವ ಕ್ಯಾಮೆರಾಕ್ಕೆ ಐದು ಚಿತ್ರ. ಅದರಲ್ಲಿ ಒಂದಾದರೂ ನಿಲ್ಲುತ್ತದೆ. ಶಟರ್ ಸ್ಪೀಡ್ ಮಾತ್ರ ಸಾವಿರದ ಒಂದಂಶಕ್ಕಿಂತ ಕಡಿಮೆ ಆಗದ ಹಾಗೆ ನೋಡಿಕೊಳ್ಳಬೇಕು.

ಕನೆಹಲಗೆ ವಿಭಾಗವಂತೂ ಮ್ಯಾನುವಲ್ ಲೆನ್ಸ್‌ಗೇ ಹೇಳಿ ಮಾಡಿಸಿದ್ದು. ಅಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರ ಚಿಮ್ಮಿತು ಎಂಬುದೇ ಲೆಕ್ಕ. 6.5 ಕೋಲು, 7.5 ಕೋಲು ಅಂತ ಎತ್ತರಕ್ಕೆ ನಿಶಾನೆ ಕಟ್ಟಿರುತ್ತಾರೆ, ನೀರು ಅದಕ್ಕೆ ತಾಗಬೇಕು. ಆಟೋಫೋಕಸ್ ಕ್ಯಾಮೆರಾ ಇಂಥ ಹೊತ್ತಿನಲ್ಲಿ ಮುಂದೆ ಹಾರುವ ನೀರಿನ ಹನಿಗೆ ಫೋಕಸ್ ಹಿಡಿದು ಮೋಸ ಮಾಡುವುದುಂಟು. ನಿಶಾನೆ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ. ಅದರ ಕೆಳಗಿನ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟರೆ ಮುಗಿಯಿತು. ಕಕ್ಯಪದವಿನ ಸತ್ಯ-ಧರ್ಮ, ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಮೂಡುಬಿದಿರೆಯ ಕೋಟಿ-ಚೆನ್ನಯ ಯಾವ ಕರೆಗೆ ಹೋದರೂ ಇದೇ ಉಪಾಯ. ರಾತ್ರಿ ಹೊತ್ತಿನ ಓಟಕ್ಕೆ ಮಾತ್ರ ಎಫ್ 4 ಸಾಕಾಗುವುದಿಲ್ಲ, ಐಎಸ್‌ಒ ಏರಿಸಲೇಬೇಕು.

ಯಕ್ಷಗಾನಕ್ಕೆ ಅರ್ಧ ಹೌದು, ಅರ್ಧ ಅಲ್ಲ. ವೇಷಧಾರಿ ರಥದಲ್ಲಿ ಕೂತು ಅರ್ಥ ಹೇಳುವಾಗ ಆರಾಮ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಇನ್ನೂ ಆರಾಮ, ಹಳೇ 50ಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚುಟ್ಟಿ ಇಟ್ಟ ಬಣ್ಣದ ವೇಷದ ಮುಖದಲ್ಲಿ ಕ್ಯಾಮೆರಾದ ಕಣ್ಣು ಹುಡುಕುವ ಸೌಲಭ್ಯ ಕೆಲವೊಮ್ಮೆ ಗಲಿಬಿಲಿಯಾಗಿ ಕಿರೀಟಕ್ಕೆ ಫೋಕಸ್ ಹಿಡಿಯುತ್ತದೆ. ಕೈ ಫೋಕಸ್‌ಗೆ ಆ ತೊಂದರೆ ಇಲ್ಲ. ಆದರೆ ಧೀಂಗಿಣ ಹೊಡೆಯಲು ಶುರುವಾದರೆ 85 ಎಂ.ಎಂ. ಲೆನ್ಸ್ ಎಫ್ 2ರಲ್ಲಿ ಆರು ಮೀಟರ್ ದೂರಕ್ಕೆ ಸಿಗುವ ಆಳ ಬರೀ 60 ಸೆಂ.ಮೀ. ಅಷ್ಟರೊಳಗೆ ಯಾವ ಕಲಾವಿದರೂ ತಿರುಗುವುದಿಲ್ಲ.

ಕೋಲ, ನೇಮದಲ್ಲಿ ದೀವಟಿಗೆ ಬೆಳಕೇ ಚಂದ. ಅಲ್ಲಿ ಎಫ್ 1.4 ಅಥವಾ 1.8 ಲೆನ್ಸ್ ಇದ್ದರೆ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. ಫೋಟೋ ತೆಗೆಯಬಹುದಾ ಅಂತ ಮನೆಯವರನ್ನು, ಆಡಳಿತದವರನ್ನು ಮೊದಲು ಕೇಳುವುದು ಲೆನ್ಸ್‌ಗಿಂತ ಮುಖ್ಯ.

ಹಗಲಿನ ಪಿಲಿವೇಷ, ಮೊಸರುಕುಡಿಕೆ ಮೆರವಣಿಗೆಗೆ ಇನ್ನೊಂದು ಹಳೇ ಉಪಾಯ ಇದೆ. 28 ಎಂ.ಎಂ. ಲೆನ್ಸನ್ನು ಎಫ್ 8ಕ್ಕೆ ಇಟ್ಟು 3.3 ಮೀಟರ್‌ಗೆ ಫೋಕಸ್ ಮಾಡಿದರೆ ಫುಲ್‌ಫ್ರೇಮ್‌ನಲ್ಲಿ ಸುಮಾರು 1.6 ಮೀಟರ್‌ನಿಂದ ಆಚೆಗಿನದ್ದೆಲ್ಲ ಸ್ಪಷ್ಟ. ಕ್ರಾಪ್ ಸೆನ್ಸರ್ ಆದರೆ 5 ಮೀಟರ್‌ಗೆ ಇಟ್ಟರೆ 2.5 ಮೀಟರ್‌ನಿಂದ ಆಚೆ. ಆಮೇಲೆ ಫೋಕಸ್ ಎಂಬ ವಿಷಯವೇ ಮರೆತು ಗುಂಪಿನೊಳಗೆ ನುಗ್ಗಬಹುದು.

ಅಂಗಡಿಯವರಿಗೂ ಇದರಲ್ಲಿ ಪಾಲುಂಟು

ವಾಟ್ಸಾಪ್ ಸ್ಟೇಟಸ್‌ಗೆ, ಇನ್‌ಸ್ಟಾಗೆ ಹೊಸ ಮಾಲಿನ ಫೋಟೋ ಹಾಕದ ಅಂಗಡಿ ಈಗ ಕಡಿಮೆ. ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ಬೇಕರಿ ಯಾವುದೇ ಇರಲಿ, ಮಾಲು ಮೇಜಿನ ಮೇಲೆ ಕೂತಲ್ಲೇ ಕೂತಿರುತ್ತದೆ. ಅದಕ್ಕೆ ಆಟೋಫೋಕಸ್‌ಗೆಂದು ದುಡ್ಡು ಹಾಕುವ ಅರ್ಥವೇ ಇಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ, ಕೈಯಲ್ಲಿ ಫೋಕಸ್ ಮಾಡಿದರೆ ಆಟೋಫೋಕಸ್‌ಗಿಂತ ಚೆನ್ನಾಗಿ ಬರುತ್ತದೆ.

ಕರಿಮಣಿ ಸರ, ಮೂಗುತಿಯಂಥ ಸಣ್ಣ ವಸ್ತುಗಳಿಗೆ ಮ್ಯಾಕ್ರೋ ಲೆನ್ಸ್ ಬೇಕು. ನಿಕಾನಿನ ಹಳೇ 55 ಎಂ.ಎಂ. ಎಫ್ 2.8 ಮೈಕ್ರೋ ಲೆನ್ಸ್ ವಸ್ತುವಿನ ಅರ್ಧದಷ್ಟು ಗಾತ್ರವನ್ನು ಸೆನ್ಸರ್ ಮೇಲೆ ಮೂಡಿಸುತ್ತದೆ. ಅಷ್ಟು ಹತ್ತಿರ ಹೋದಾಗ ಎಫ್ 8ರಲ್ಲೂ ಸ್ಪಷ್ಟ ಸಿಗುವುದು ಸುಮಾರು 3 ಎಂ.ಎಂ. ಆಳ ಮಾತ್ರ. ಅದಕ್ಕೇ ಸರವನ್ನು ಕ್ಯಾಮೆರಾಕ್ಕೆ ನೇರ ಅಡ್ಡವಾಗಿ ಹಾಸಿ ಇಡಬೇಕು, ಓರೆಯಾಗಿ ಇಟ್ಟರೆ ಎರಡು ಮಣಿ ಬಿಟ್ಟು ಬಾಕಿ ಎಲ್ಲ ಮಂಜು. ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ ಇರುವ 50ರ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಖಾಲಿ ಬಳೆ ಹಾಕಿದರೂ ನಡೆಯುತ್ತದೆ.

ಹಳೆಯದಾ, ಹೊಸದಾ?

ಮನೆಯಲ್ಲಿ ಹಳೇ ಲೆನ್ಸ್ ಇಲ್ಲದವರು ಸೆಕೆಂಡ್‌ಹ್ಯಾಂಡ್ ಹುಡುಕಿಕೊಂಡು ಹೋಗಲೇಬೇಕೆಂದಿಲ್ಲ. 7ಆರ್ಟಿಸಾನ್ಸ್, ಟಿಟಿಆರ್ಟಿಸಾನ್ ಎಂಬ ಚೀನಾ ಬ್ರ್ಯಾಂಡ್‌ಗಳು ಸೋನಿ, ಫ್ಯೂಜಿ, ನಿಕಾನ್ ಝಡ್ ಮೌಂಟ್‌ಗೆ ನೇರ ಕೂರುವ ಮ್ಯಾನುವಲ್ ಲೆನ್ಸ್ ಮಾಡುತ್ತವೆ. ಅಡಾಪ್ಟರ್ ಬೇಡ, ಬಿಲ್ ಸಿಗುತ್ತದೆ, ಒಳಗೆ ಫಂಗಸ್ ಇರುವುದಿಲ್ಲ. ದೇವಸ್ಥಾನದ ಪೌಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹೊರಗಿನ ಸಾಲುಕಂಬ, ಮನೆ ಒಕ್ಕಲಿನ ಹೊಸ ಹಾಲ್ ಮುಂತಾದ್ದಕ್ಕೆ ಅಗಲದ ಲೆನ್ಸ್ ಬೇಕಾದರೆ ಲಾವಾ, ಸ್ಯಾಮ್ಯಾಂಗ್ ಇವೆ. ಕಲ್ಲು, ಗೋಡೆ ಎಲ್ಲೂ ಓಡುವುದಿಲ್ಲವಾದ್ದರಿಂದ ಇಲ್ಲಿ ಆಟೋಫೋಕಸ್ ಇಲ್ಲ ಎಂಬುದು ಕೊರತೆಯೇ ಅಲ್ಲ. ಜಪಾನಿನ ಕೊಸಿನಾ ಕಂಪನಿಯ ವಾಯ್ಟ್‌ಲೆಂಡರ್ ಲೆನ್ಸ್‌ಗಳು ಬಹಳ ಒಳ್ಳೆಯವು, ರೇಟೂ ಹಾಗೇ ಉಂಟು. ಆ ದುಡ್ಡಿಗೆ ಇಲ್ಲಿನ ಹೆಚ್ಚಿನವರು ಆಟೋಫೋಕಸ್ ಲೆನ್ಸೇ ತಗೊಳ್ಳುವುದು ಜಾಣತನ.

ಒಂದೇ ಲೆನ್ಸ್ ತಗೊಳ್ಳುವುದಾದರೆ 50 ಎಂ.ಎಂ. ತಗೊಳ್ಳಿ. ಕ್ರಾಪ್ ಸೆನ್ಸರ್ ಬಾಡಿಯಲ್ಲಿ ಅದು 75ರ ಹಾಗೆ ಕೆಲಸ ಮಾಡುತ್ತದೆ, ಕ್ಯಾನನ್ ಆದರೆ 80. ಒಬ್ಬರ ಫೋಟೋಕ್ಕೆ ಅದು ಚಂದ, ಸಣ್ಣ ಕೋಣೆಯಲ್ಲಿ ಇಡೀ ಕುಟುಂಬದ ಫೋಟೋಕ್ಕೆ ಮಾತ್ರ ಗೋಡೆ ಅಡ್ಡ ಬರುತ್ತದೆ. ಕ್ರಾಪ್ ಬಾಡಿಯವರು 35 ಎಂ.ಎಂ. ನೋಡಬಹುದು.

ಹಣ ಕೊಡುವ ಮೊದಲು ಮೊಬೈಲ್ ಟಾರ್ಚ್ ಹಾಕಿ

ಕರಾವಳಿಯಲ್ಲಿ ಹಳೇ ಲೆನ್ಸ್ ತಗೊಳ್ಳುವಾಗ ನೂರಕ್ಕೆ ತೊಂಬತ್ತು ಪಾಲು ವಿಷಯ ಇಲ್ಲೇ ಇರುವುದು. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಎಫ್ ನಂಬರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಜೇಡನ ಬಲೆಯ ಹಾಗೆ, ಮರದ ಬೇರಿನ ಹಾಗೆ ಕವಲು ಕವಲು ಕಂಡರೆ ಫಂಗಸ್. ಇಡೀ ಗಾಜು ಹಾಲು ಚೆಲ್ಲಿದ ಹಾಗೆ ಮಬ್ಬಾಗಿದ್ದರೆ ಹೇಝ್. ನಾಲ್ಕು ಧೂಳಿನ ಕಣ ಕಂಡರೆ ಹೆದರುವುದು ಬೇಡ, ಅದು ಫೋಟೋದಲ್ಲಿ ಬರುವುದಿಲ್ಲ. ಮುಂದಿನ ಗಾಜಿನಲ್ಲಿ ಒಂದು ಸಣ್ಣ ಗೀರು ಇದ್ದರೂ ನಡೆಯುತ್ತದೆ. ಹಿಂದಿನ ಗಾಜಿನಲ್ಲಿದ್ದರೆ ಬಿಟ್ಟುಬಿಡಿ.

ಅಂಚಿನಲ್ಲಿ ಸ್ವಲ್ಪ ಫಂಗಸ್ ಇದ್ದರೆ ಬಿಚ್ಚಿ ಒರೆಸಿಸಬಹುದು. ಆದರೆ ತುಂಬ ಕಾಲ ಕೂತ ಫಂಗಸ್ ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿರುತ್ತದೆ. ಒರೆಸಿದ ಮೇಲೂ ಅದರ ಗುರುತು ಹೋಗುವುದಿಲ್ಲ. ಅಂಥ ಲೆನ್ಸಿನಲ್ಲಿ ಎದುರು ಬೆಳಕು ಬಿದ್ದರೆ ಫೋಟೋ ಎಲ್ಲ ಬೆಳ್ಳಗೆ. ಅಪ್ಪನ ಲೆನ್ಸ್ ಎಂಬ ಪ್ರೀತಿಗೆ ಇಟ್ಟುಕೊಳ್ಳಬಹುದೇ ಹೊರತು ದುಡ್ಡು ಕೊಟ್ಟು ತರಬಾರದು.

ಆಮೇಲೆ ಎಫ್ ನಂಬರ್ ರಿಂಗ್ ತಿರುಗಿಸಿ ಒಳಗಿನ ಎಲೆಗಳನ್ನು ನೋಡಿ. ಎಲೆಗಳ ಮೇಲೆ ಎಣ್ಣೆ ಹೊಳೆದರೆ, ಅಥವಾ ಅವು ಸೋಮಾರಿಯ ಹಾಗೆ ನಿಧಾನ ಮುಚ್ಚಿದರೆ ಸರ್ವಿಸ್ ಬೇಕು. ಫೋಕಸ್ ರಿಂಗ್ ಒಂದೇ ಸಮ ಮೃದುವಾಗಿ ತಿರುಗಬೇಕು. ಗ್ರೀಸ್ ಗಟ್ಟಿಯಾದ ಲೆನ್ಸನ್ನು ತಿರುಗಿಸುವಷ್ಟರಲ್ಲಿ ಮೆರವಣಿಗೆ ಮುಂದಿನ ಸರ್ಕಲ್ ದಾಟಿರುತ್ತದೆ.

ಅಡಾಪ್ಟರ್ ಜೊತೆ ಬಾಡಿಗೆ ಹಾಕಿ ಅಲ್ಲಾಡಿಸಿ ನೋಡುವುದೂ ಬೇಕು, ಗಡಗಡ ಅನ್ನಬಾರದು. ಪಾಣೆಮಂಗಳೂರು ಸೇತುವೆ ಹತ್ತಿರ ನಿಂತು ಹೊಳೆಯ ಆಚೆಗಿನ ತೆಂಗಿನ ತಲೆಗೆ ಫೋಕಸ್ ಮಾಡಿ. ದೂರದ್ದು ಸ್ಪಷ್ಟ ಆಗದಿದ್ದರೆ ಅಡಾಪ್ಟರ್ ಉದ್ದ ಜಾಸ್ತಿಯಾಗಿದೆ ಎಂದೇ ಅರ್ಥ, ವಾಪಸ್ ಕೊಡಿ. ಅಗ್ಗದ ಅಡಾಪ್ಟರ್‌ಗಳನ್ನು ಬಹುತೇಕ ಕೂದಲೆಳೆಯಷ್ಟು ಗಿಡ್ಡವಾಗಿಯೇ ಮಾಡಿರುತ್ತಾರೆ. ಅದರಿಂದ ದೂರದ್ದಕ್ಕೆ ತೊಂದರೆ ಇಲ್ಲ, ಆದರೆ ಲೆನ್ಸಿನ ಮೇಲೆ ಬರೆದ ಮೀಟರ್ ಲೆಕ್ಕ ತಪ್ಪುತ್ತದೆ. ಪಿಲಿವೇಷದ ಉಪಾಯ ಮಾಡುವವರು ರಿಂಗಿನ ನಂಬರ್ ನಂಬದೆ, ಅಷ್ಟು ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಸ್ಕ್ರೀನ್ ನೋಡಿಯೇ ಫೋಕಸ್ ಇಡಬೇಕು.

ಆನ್‌ಲೈನ್‌ನಲ್ಲಿ ತಗೊಳ್ಳುವವರು ಟಾರ್ಚ್ ಹಾಕಿ ತೆಗೆದ ಫೋಟೋ ಕೇಳಿ. ಮಿಂಟ್ ಕಂಡಿಷನ್ ಅಂತ ಬರೆಯಲು ದುಡ್ಡು ಕೊಡಬೇಕಾಗಿಲ್ಲ. ಟಾರ್ಚ್ ಫೋಟೋ ಕಳಿಸಲು ಹಿಂಜರಿದರೆ ಉತ್ತರ ಸಿಕ್ಕಿದ ಹಾಗೆಯೇ. ಹೊರದೇಶದಿಂದ ತರಿಸುವವರು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಬೇಕು.

ಹಾಕಿದ ಮೇಲೆ ಕ್ಯಾಮೆರಾ ಕ್ಲಿಕ್ ಆಗುವುದಿಲ್ಲವೇ?

ಅಡಾಪ್ಟರ್ ಹಾಕಿದ ಮೊದಲ ದಿನ ಹೆಚ್ಚಿನವರು ಹೆದರುವುದು ಇಲ್ಲೇ: ಇದು ಎಂತ ಮಾರಾಯ್ರೆ, ಲೆನ್ಸ್ ಇದ್ದರೂ ಲೆನ್ಸ್ ಇಲ್ಲ ಅಂತ ತೋರಿಸುತ್ತದೆ! ಕರೆಂಟಿನ ಸಂಪರ್ಕ ಇಲ್ಲದ ಕಾರಣ ಕ್ಯಾಮೆರಾಕ್ಕೆ ಆ ಲೆನ್ಸ್ ಕಾಣುವುದಿಲ್ಲ. ಸೋನಿಯಲ್ಲಿ ರಿಲೀಸ್ ವಿತೌಟ್ ಲೆನ್ಸ್, ಕ್ಯಾನನ್‌ನಲ್ಲಿ ರಿಲೀಸ್ ಶಟರ್ ವಿತೌಟ್ ಲೆನ್ಸ್, ಫ್ಯೂಜಿಯಲ್ಲಿ ಶೂಟ್ ವಿತೌಟ್ ಲೆನ್ಸ್ ಎಂಬ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿದರೆ ಸರಿಹೋಗುತ್ತದೆ.

ಬಾಡಿಯೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಲೆನ್ಸ್ ಎಷ್ಟು ಎಂ.ಎಂ. ಅಂತ ನಾವೇ ಹೇಳಬೇಕು. 135 ಹಾಕಿ ಮೆನುವಿನಲ್ಲಿ 50 ಬಿಟ್ಟರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನಿಕಾನ್ ಝಡ್‌ನಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾ ಎಂಬ ಜಾಗದಲ್ಲಿ 20 ಲೆನ್ಸ್‌ಗಳ ವಿವರ ಬರೆದಿಡಬಹುದು. ಮೋಡ್ ಅನ್ನು ಎ ಅಥವಾ ಎವಿಗೆ ಇಟ್ಟರೆ ಶಟರ್ ಸ್ಪೀಡನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ.

ಪೀಕಿಂಗ್ ಗೆರೆಯನ್ನು ಪೂರ್ತಿ ನಂಬಬೇಡಿ. ಎಫ್ 1.8ರಲ್ಲಿ ಅದು ಮೂಗು, ಕಣ್ಣು, ಕಿವಿ ಎಲ್ಲದಕ್ಕೂ ಬಣ್ಣ ಬಳಿಯುತ್ತದೆ. ಪೀಕಿಂಗ್ ನೋಡಿ ಹತ್ತಿರ ತಂದು, ಬಟನ್ ಒತ್ತಿ ಕಣ್ಣನ್ನು ದೊಡ್ಡದು ಮಾಡಿ ಖಚಿತ ಮಾಡಿಕೊಳ್ಳಬೇಕು. ಮುಖದ ಫೋಟೋಕ್ಕೆ ಎಫ್ 2.8ಕ್ಕೆ ಇಳಿಸಿದರೆ ತಪ್ಪು ಕಡಿಮೆ, ಹಳೇ ಗಾಜು ಸ್ಪಷ್ಟವಾಗುವುದೂ ಅಲ್ಲಿಂದಲೇ. ಇನ್ನೊಂದು ಸಣ್ಣ ವಿಷಯ: ನಿಕಾನ್ ರಿಂಗ್ ತಿರುಗುವ ದಿಕ್ಕು ಕ್ಯಾನನ್‌ಗೆ ಉಲ್ಟಾ. ಎರಡೂ ಕಂಪನಿಯ ಲೆನ್ಸ್ ಬ್ಯಾಗಿನಲ್ಲಿಟ್ಟರೆ ಕೈ ತಪ್ಪುತ್ತಲೇ ಇರುತ್ತದೆ. ಒಂದೇ ಕಂಪನಿಯದ್ದು ಇಟ್ಟುಕೊಳ್ಳುವುದು ಒಳ್ಳೆಯದು, ಒಂದೇ ಅಡಾಪ್ಟರೂ ಸಾಕಾಗುತ್ತದೆ.

ಪತ್ತನಾಜೆ ಮುಗಿದ ಮೇಲೆ

ಪತ್ತನಾಜೆಗೆ ಕೋಲ, ನೇಮ, ಆಟ ಎಲ್ಲ ನಿಲ್ಲುತ್ತದೆ. ಕ್ಯಾಮೆರಾ ಬ್ಯಾಗ್ ಕಪಾಟಿಗೆ ಹೋಗುವುದೂ ಆವಾಗಲೇ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರಿದು. ಮುಚ್ಚಿದ ಬ್ಯಾಗಿನೊಳಗೆ ತೇವ ಶೇಕಡಾ 65 ದಾಟಿ ನಿಂತರೆ ಫಂಗಸ್‌ಗೆ ಅಷ್ಟು ಸಾಕು. ನಾಲ್ಕು ತಿಂಗಳು ಬಿಟ್ಟು ಮದುವೆ ಸೀಸನ್‌ಗೆ ತೆರೆದಾಗ ಬೇರು ಬಿಟ್ಟಿರುತ್ತದೆ.

ಚರ್ಮದ ಕೇಸ್ ಮೊದಲು ಬಿಸಾಡಿ, ಅದು ತೇವ ಹಿಡಿದಿಡುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್ ಇಷ್ಟಿದ್ದರೆ ಸಾಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ಮುಗಿಯಿತು ಎಂದರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು, ಆದರೆ ಅಡುಗೆ ಪಾತ್ರೆಯಲ್ಲಿ ಬೇಡ. ಅಕ್ಕಿಯೊಳಗೆ ಹುಗಿದಿಡುವವರೂ ಇದ್ದಾರೆ. ಅಕ್ಕಿ ಹುಡಿ ಲೆನ್ಸಿನ ಸಂದಿಗೆ ಹೋಗುವುದೊಂದೇ ಅದರಿಂದ ಆಗುವ ಲಾಭ. ಹಿಂದೆ ಕೆಲವು ಸ್ಟುಡಿಯೋಗಳಲ್ಲಿ ಕಪಾಟಿನೊಳಗೆ 15 ವ್ಯಾಟ್‌ನ ಬಲ್ಬ್ ಉರಿಸಿಡುತ್ತಿದ್ದರು, ಆ ಬಿಸಿಗೆ ಒಳಗೆ ಒಣಗಿರುತ್ತಿತ್ತು. ಈಗ ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ.

ಫಂಗಸ್ ಇರುವ ಲೆನ್ಸನ್ನು ಒಳ್ಳೆಯದರ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಬಿಸಿಲು ಕಂಡ ದಿನ ಹೊರಗೆ ತೆಗೆದು, ಎರಡು ರಿಂಗ್‌ಗಳನ್ನೂ ಆ ಕೊನೆಯಿಂದ ಈ ಕೊನೆಗೆ ನಾಲ್ಕು ಸಲ ತಿರುಗಿಸಿ, ಅಂಗಳದ ದಾಸವಾಳದ್ದೋ ಬೆಕ್ಕಿನದ್ದೋ ಒಂದೆರಡು ಫೋಟೋ ತೆಗೆದು ಇಡಿ. ರಿಂಗ್ ಹಿಡಿದ ಕೈಗೂ ಅಷ್ಟು ಅಭ್ಯಾಸ ಬೇಕು.